ಚಿನ್ನಯ್ಯನ ಅರವತ್ತೊಂದು ವರ್ಷದ ಅನುಭವ

ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಸೊಸೈಟಿಯೊಂದರಲ್ಲಿ ಗುಮಾಸ್ತನಾಗಿದ್ದ ಚಿನ್ನಯ್ಯನಿಗೆ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಪಿಎಚ್.ಡಿ. ಮಾಡುವ ಹುಚ್ಚು ಹಿಡಿಯಿತು. ಇಂಥ ಹುಚ್ಚು ಸಾಮಾನ್ಯವಾಗಿ ಓದಿನಿಂದ ಬರುತ್ತದೆ. ಚಿನ್ನಯ್ಯನಿಗೆ ಮಾತ್ರ ಅದು ಹೋಳಿಗೆ ಊಟದಿಂದ ಬಂತು.

ಚಳ್ಳಕೆರೆಯಲ್ಲಿ ಅವನ ಹೆಂಡತಿಯ ತಂಗಿಯ ಗಂಡ ವಿನೋದ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದ. ವಿನೋದ ಕಾಲೇಜಿನ ಮೇಷ್ಟ್ರು, ಚಿನ್ನಯ್ಯನಿಗಿಂತ ಹನ್ನೆರಡು ವರ್ಷ ಚಿಕ್ಕವನು, ಆಗಷ್ಟೇ ಲೆಕ್ಕಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ. ಮೊದಲ ಪಂಕ್ತಿಯಲ್ಲಿ ಡಾಕ್ಟರೇಟ್ ಆದವರನ್ನೆಲ್ಲ ಕೂರಿಸಿದರು. ಹಿರಿಯ ಅಳಿಯನಾದ ಚಿನ್ನಯ್ಯನ ಕೈಗೆ ಸಾರಿನ ಬಕೆಟ್ಟು ಕೊಟ್ಟರು. ಅಂಚೆ ತೆರಪಿನಲ್ಲಿ ಎಂ.ಕಾಂ. ಪಾಸು ಮಾಡಿದ್ದ ಮನುಷ್ಯ ಆ ಬಕೆಟ್ಟು ಹಿಡಿದು ಡಾಕ್ಟರುಗಳ ಮುಂದೆ ಬಗ್ಗಿ ಬಗ್ಗಿ ಹೋದ. ವಿನೋದನಿಗೆ ಒಂದು ಥರ ಆಯಿತು. ಏನಾದರೂ ಒಳ್ಳೆಯ ಮಾತು ಆಡಬೇಕಲ್ಲ ಎಂದು, "ನೀವೂ ಒಂದು ಅರ್ಜಿ ಹಾಕ್ರಿ ಅಣ್ಣ. ನಿಮ್ಮಂಥ ಅನುಭವ ನಮಗೆಲ್ಲೈತೆ?" ಎಂದ.

ಬಾಯಿಮಾತಿಗೆ ಅಂದ ಮಾತನ್ನು ಚಿನ್ನಯ್ಯ ಭದ್ರವಾಗಿ ಗಂಟು ಹಾಕಿಕೊಂಡು ಊರಿಗೆ ತಂದ. ಅವನ ಲೆಕ್ಕ ಸರಳವಾಗಿತ್ತು. ಒಂದು ವರ್ಷದ ಅನುಭವಕ್ಕೆ ಒಂದು ಅಂಕ. ತನ್ನದು ಇಪ್ಪತ್ತೆರಡು ವರ್ಷ. ಪ್ರವೇಶ ಪರೀಕ್ಷೆಯಲ್ಲಿ ಹೇಗೋ ದಡ ಸೇರಿದ ಮೇಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. ಸೊಸೈಟಿಯ ಎದುರಿಗೆ ಕಿರಾಣಿ ಅಂಗಡಿ ಇಟ್ಟಿದ್ದ ಅಫ್ಜಲ್‌ನ ಮುಂದೆ ನಿಂತು, ಬೇರೆಯವರು ಪುಸ್ತಕ ಓದಿ ಸಂದರ್ಶನಕ್ಕೆ ಬರುತ್ತಾರೆ, ನಾನು ಪುಸ್ತಕ ಬರೆದು ಹೋಗುತ್ತೇನೆ ಎಂದು ಹೇಳಿಕೊಂಡ. ಪುಸ್ತಕ ಎಂದರೆ ಸೊಸೈಟಿಯ ದಫ್ತರು. ಯಾವ ಮನೆಗೆ ಎಷ್ಟು ರೇಷ್ಮೆ ಹೋಯಿತು, ಎಷ್ಟು ಸೀರೆ ಬಂತು ಎಂದು ಬರೆದಿಡುವುದೇ ಅವನ ಕೆಲಸ. ಅಫ್ಜಲ್ ಮುಬಾರಕ್ ಹೇಳಿ ಒಂದು ಚಾಕಲೇಟು ಕೊಟ್ಟ.

ಈಗ ಬೇಕಾಗಿದ್ದದ್ದು ಅನುಭವದ ಪ್ರಮಾಣಪತ್ರ. ಇಲ್ಲಿ ಮೊಳಕಾಲ್ಮೂರಿನ ಮಗ್ಗದ ಪದ್ಧತಿಯೊಂದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇಲ್ಲಿ ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಎಳೆಗಳು, ನೇಯ್ದು ಮುಗಿಯುತ್ತ ಬಂದರೆ ಅದನ್ನು ಪೂರ್ತಿ ಕತ್ತರಿಸಿ ಮಗ್ಗ ಬರಿದು ಮಾಡುವುದಿಲ್ಲ. ಹಳೆಯ ಎಳೆಗಳ ತುದಿ ಮಗ್ಗದಲ್ಲೇ ಇರುತ್ತದೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಸೇರಿಸುತ್ತಾರೆ. ಸಾವಿರಾರು ಎಳೆ. ಸೇರಿಸಿದ ಜಾಗ ಆಮೇಲೆ ಹುಡುಕಿದರೂ ಸಿಗುವುದಿಲ್ಲ. ನೇಕಾರರೇ ಕಟ್ಟಿದ ಸೊಸೈಟಿಯಾದ್ದರಿಂದ ಅಲ್ಲಿನ ಹಾಜರಿ ಪುಸ್ತಕವೂ ಹಾಗೇ ನಡೆದುಕೊಂಡು ಬಂದಿತ್ತು. ಪ್ರತಿ ವರ್ಷ ಹಳೆಯ ಪುಸ್ತಕದ ಹೆಸರುಗಳನ್ನು ಹೊಸದಕ್ಕೆ ಇಳಿಸುವುದು, ಅಷ್ಟೆ. ಮೂರನೇ ಸಾಲಿನಲ್ಲಿ ಚಿನ್ನಯ್ಯ ಎಂದಿತ್ತು. ೧೯೬೪ರಲ್ಲಿ ಅಲ್ಲಿ ಕೂತ ಚಿನ್ನಯ್ಯ ನಮ್ಮ ಚಿನ್ನಯ್ಯನ ತಾತ. ತಾತನ ಹೆಸರನ್ನು ಮೊಮ್ಮಗನಿಗೆ ಇಟ್ಟರು. ತಾತ ತೀರಿಕೊಂಡ ಮೇಲೆ ಮೊಮ್ಮಗ ಬಂದು ಅದೇ ಕುರ್ಚಿಯಲ್ಲಿ ಕೂತ. ನೇಮಕಾತಿ ಆದೇಶ ಬರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೆಸರು ಹೇಗೂ ಇತ್ತಲ್ಲ.

ಸೊಸೈಟಿಗೆ ಎರಡು ವರ್ಷದ ಹಿಂದೆ ಬಂದ ಕಾರ್ಯದರ್ಶಿ ರಾಮಾಂಜನೇಯ ಪ್ರಾಮಾಣಿಕ ಮನುಷ್ಯ. ಎಲ್ಲ ಹಾಜರಿ ಪುಸ್ತಕಗಳನ್ನೂ ಇಳಿಸಿ, ಧೂಳು ಹೊಡೆದು, ಎಣಿಸಿ, ಪ್ರಮಾಣಪತ್ರ ಬರೆದು ಸೀಲು ಒತ್ತಿದ. ಚಿನ್ನಯ್ಯ ಓದಿದ. ಸದರಿಯವರು ೧೯೬೪ರಿಂದ ಇಂದಿನವರೆಗೆ ಅರವತ್ತೊಂದು ವರ್ಷ ಒಂದು ದಿನವೂ ತಪ್ಪದೆ ಸೇವೆ ಸಲ್ಲಿಸಿದ್ದಾರೆ.

ಅವನು ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅರವತ್ತೊಂದು ಅಂಕ ಅವನ ಕಣ್ಣ ಮುಂದೆ ಕುಣಿಯಿತು. ಹೆಚ್ಚಿಗೆ ಇದ್ದರೆ ಯಾರಿಗೇನು ನಷ್ಟ ಎಂದುಕೊಂಡು ಕಾಗದ ಮಡಿಚಿ ಜೇಬಿಗಿಟ್ಟು, ಸಂದರ್ಶನಕ್ಕೆ ಒಂದು ದಿನದ ರಜೆ ಕೇಳಿದ. ರಾಮಾಂಜನೇಯ ತಲೆ ಅಲ್ಲಾಡಿಸಿದ. "ಆ ಕುರ್ಚಿ ಅರವತ್ತೊಂದು ವರ್ಷದಾಗ ಒಂದು ದಿನ ಖಾಲಿ ಬಿದ್ದಿಲ್ಲ, ಚಿನ್ನಯ್ಯನೋರೆ. ನನ್ನ ಕಾಲಕ್ಕೆ ಬೀಳಬಾರದು. ಬಿದ್ದರೆ ಮಾರನೇ ದಿನ ಬೇರೆಯೋರನ್ನ ಕೂಡಿಸಬೇಕಾಗ್ತೈತೆ." ಅವನ ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ಅದಕ್ಕೇ ಚಿನ್ನಯ್ಯನಿಗೆ ಹೆದರಿಕೆಯಾಯಿತು. ಮನೆಯಲ್ಲಿ ಉಣ್ಣುವ ಬಾಯಿಗಳಿಗೆಲ್ಲ ಆ ಕುರ್ಚಿಯೇ ಆಧಾರವಾಗಿತ್ತು.

ಆ ಭಾನುವಾರ ವಿಶೇಷ ಕೌಂಟರು ತೆರೆದಿದ್ದರಿಂದ ಚಿನ್ನಯ್ಯ ಚಳ್ಳಕೆರೆಗೆ ಹೋಗಿ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಸಂದರ್ಶನದ ಅರ್ಜಿ ಕೊಟ್ಟ. ಅಲ್ಲಿನ ಗುಮಾಸ್ತ ತೋಟಪ್ಪ ಎಲ್ಲವನ್ನೂ ಕಂಪ್ಯೂಟರಿಗೆ ಹೊಡೆದ. ಕಂಪ್ಯೂಟರು ಅನುಭವವನ್ನು ಒಪ್ಪಿತು, ವಯಸ್ಸನ್ನು ಒಪ್ಪಲಿಲ್ಲ. ಮೂರು ಸಲ ಹೊಡೆದರೂ ಹಾಗೇ ಆಯಿತು. ತೋಟಪ್ಪ ಕನ್ನಡಕ ತೆಗೆದು, ನೀವು ಹುಟ್ಟುವುದಕ್ಕೆ ಹದಿನೇಳು ವರ್ಷ ಮುಂಚೆಯೇ ಕೆಲಸಕ್ಕೆ ಸೇರಿದ್ದೀರಿ ಎಂದು ತಿಳಿಸಿದ. ಆಶ್ಚರ್ಯವನ್ನೇನೂ ತೋರಿಸಲಿಲ್ಲ. ಮೂವತ್ತು ವರ್ಷ ಕಚೇರಿಯಲ್ಲಿ ಕೂತವನಿಗೆ ಇಂಥದ್ದೆಲ್ಲ ಮಾಮೂಲು.

"ಹುಟ್ಟಿದ ತಾರೀಖು ತಿದ್ದಿಸ್ಕಂಬಿಡ್ರಿ," ಎಂದ. "ಅನುಭವಕ್ಕೆ ಸೀಲೈತೆ, ಅದು ತಪ್ಪಿರಲ್ಲ. ಹುಟ್ಟಿದ್ದು ಯಾರು ನೋಡ್ಯಾರೆ?"

ಅದು ಆಗದಿದ್ದರೆ ಇನ್ನೊಂದು ದಾರಿಯೂ ಇತ್ತು. ಅಷ್ಟು ಹಿಂದಿನಿಂದ ಚಿನ್ನಯ್ಯ ಕೆಲಸ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡ ಇಬ್ಬರು ಹಿರಿಯರಿಂದ ಸಾಕ್ಷಿ ಬರೆಸಿಕೊಂಡು ಸಂದರ್ಶನದ ದಿನ ತಂದರೆ ಸಾಕು. ಚಿನ್ನಯ್ಯ ಮನಸ್ಸಿನಲ್ಲೇ ನಕ್ಕ. ಅಂಥ ಸಾಕ್ಷಿ ಯಾರು ತಾನೇ ಕೊಟ್ಟಾರು? ಆದರೂ ಕೇಳಿ ನೋಡೋಣ ಎಂದು ಬಸ್ಸು ಹತ್ತಿದ. ದಾರಿಯಲ್ಲಿ ತಳಕು ಊರಿನ ಹತ್ತಿರ ಎದ್ದ ಕೆಂಪು ಗಾಳಿಗೆ ಬಸ್ಸಿನ ಕಿಟಕಿಗಳೆಲ್ಲ ಗಡಗಡ ಎಂದವು. ಹಿಂದಿನ ಸೀಟಿನ ಮುದುಕನೊಬ್ಬ ಅವನನ್ನೇ ದಿಟ್ಟಿಸಿ ನೋಡಿ, ಎದ್ದು ನಿಂತು ಕೈ ಮುಗಿದ. ಚಿನ್ನಯ್ಯ ಯಾಕೋ ತಾನೂ ಮುಗಿದ.

ಮೊದಲು ಹೋದದ್ದು ದ್ಯಾಮಮ್ಮನ ಮನೆಗೆ. ಎಂಬತ್ತಾರು ವರ್ಷದ ದ್ಯಾಮಮ್ಮ ಇನ್ನೂ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಚಿನ್ನಯ್ಯ ಬಾಗಿಲಲ್ಲಿ ಕೆಮ್ಮಿದ್ದೇ ತಡ ತಲೆ ಎತ್ತಿ, "ಏಮಯ್ಯ ಚಿನ್ನಯ್ಯ, ನಶ್ಯ ಬಿಟ್ಟೇನು? ವಾಸನೇನೇ ಇಲ್ಲ," ಎಂದಳು.

ಚಿನ್ನಯ್ಯ ಹುಟ್ಟಿದಾಗಿನಿಂದ ನಶ್ಯ ಮುಟ್ಟಿದವನಲ್ಲ. ತಾತ ಏರಿಸುತ್ತಿದ್ದ. ಅದನ್ನು ವಿವರಿಸಲು ಹೋದರೆ ದ್ಯಾಮಮ್ಮ ಕೇಳಿಸಿಕೊಳ್ಳಲೇ ಇಲ್ಲ. ಅವಳ ಗಂಡ ಸತ್ತ ವರ್ಷ, ಗಂಡಸಿಲ್ಲದ ಮನೆಗೆ ರೇಷ್ಮೆ ಕೊಡಬಾರದು ಎಂದು ಕಮಿಟಿಯವರು ಅಂದಾಗ ಚಿನ್ನಯ್ಯನೊಬ್ಬನೇ ಎದ್ದು ನಿಂತು ಮಾತಾಡಿದ್ದನ್ನು ನೆನೆದು ಅವಳ ಕಣ್ಣು ತುಂಬಿತು. ನಿನ್ನ ಋಣ ತೀರಿಸುವ ಕಾಲ ಬಂತಲ್ಲ ಎಂದು ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡಳು.

"ಅಜ್ಜಿ, ಅದು ನಾನಲ್ಲ. ನಮ್ಮ ತಾತ."

"ನಿಮ್ಮ ತಾತ ಯಾರಪ್ಪ?" ದ್ಯಾಮಮ್ಮ ನಿಜವಾಗಿಯೂ ಯೋಚಿಸಿ ನೋಡಿದಳು. "ಈ ಊರಿಗೆ ಸೊಸೆಯಾಗಿ ಬಂದು ಎಪ್ಪತ್ತು ವರ್ಷ ಆತು. ಸೊಸೈಟಿಗೆ ಒಬ್ಬನೇ ಚಿನ್ನಯ್ಯ ಕದಾ."

ಎರಡನೆಯ ಸಾಕ್ಷಿ ನಿವೃತ್ತ ಮೇಷ್ಟ್ರು ಕಲ್ಲೇಶಪ್ಪ. ಓದಿದ ಮನುಷ್ಯ, ಇವರಾದರೂ ಗದರಿಸಿ ಕಳಿಸುತ್ತಾರೆ ಎಂದು ಚಿನ್ನಯ್ಯ ಈಗ ಆಸೆಪಟ್ಟುಕೊಂಡೇ ಹೋದ. ಕಲ್ಲೇಶಪ್ಪ ಮೇಷ್ಟ್ರು ಕಾಗದ ಓದಿ, ಒಳಗೆ ಹೋಗಿ ಟ್ರಂಕು ತೆಗೆದು, ೧೯೭೨ರಲ್ಲಿ ಸೊಸೈಟಿಯ ಕಟ್ಟಡ ಉದ್ಘಾಟನೆಯಾದಾಗ ತೆಗೆಸಿದ ಫೋಟೋ ತಂದರು. ಎರಡನೇ ಸಾಲಿನಲ್ಲಿ, ಕಂಬಕ್ಕೆ ಒರಗಿಕೊಂಡು ಚಿನ್ನಯ್ಯ ನಿಂತಿದ್ದ. ತಾತ ಮೊಮ್ಮಗ ಒಂದೇ ಥರ ಇರುವುದು ಲೋಕದಲ್ಲಿ ಇದ್ದದ್ದೇ. ಆದರೆ ಫೋಟೋದಲ್ಲಿದ್ದವನ ಎಡ ಹುಬ್ಬನ್ನು ಎರಡು ತುಂಡು ಮಾಡಿದ ಒಂದು ಗಾಯದ ಗುರುತಿತ್ತು. ಆ ಗುರುತು ಚಿನ್ನಯ್ಯನಿಗೆ ಆದದ್ದು ಹೈಸ್ಕೂಲಿನಲ್ಲಿ, ಸೈಕಲ್ಲಿನಿಂದ ಬಿದ್ದಾಗ. ಅವನ ಕೈ ತಾನಾಗಿ ಹುಬ್ಬಿನ ಮೇಲೆ ಹೋಯಿತು.

ಮೇಷ್ಟ್ರು ಸಹಿ ಹಾಕುತ್ತ, ನೀವು ಸ್ವಲ್ಪವೂ ಬದಲಾಗಿಲ್ಲ ಎಂದು ಮೆಚ್ಚಿಕೊಂಡರು. ದಿನಾ ವಾಕಿಂಗು ಮಾಡುತ್ತೀರೋ ಎಂದೂ ಕೇಳಿದರು.

ಚಿನ್ನಯ್ಯ ಬೀದಿಗೆ ಬಂದ. ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಆ ಬೀದಿಯ ಮಗ್ಗಗಳೆಲ್ಲ ಒಂದೇ ಸಲಕ್ಕೆ ನಿಂತುಬಿಟ್ಟವು. ಹಾಡುಹಗಲು, ಮೇಲೆ ಉರಿಬಿಸಿಲು, ಆದರೆ ಬೀದಿಯಲ್ಲಿ ತನ್ನ ಚಪ್ಪಲಿಯ ಸದ್ದಲ್ಲದೆ ಬೇರೆ ಇಲ್ಲ. ಕಿಟಕಿಗಳಲ್ಲಿ ಒಂದೊಂದೇ ಮುಖ ಕಾಣಿಸಿತು. ಚಿನ್ನಯ್ಯ ಹೆಜ್ಜೆ ಬಿರುಸು ಮಾಡಿದ. ನಾಲ್ಕು ಗಂಟೆಯಾಗಿತ್ತು, ಎಲ್ಲರಿಗೂ ಟೀ ಹೊತ್ತು ಎಂಬುದು ಅವನಿಗೆ ಮನೆ ಸೇರಿದ ಮೇಲೆ ಹೊಳೆಯಿತು.

ಮನೆಯಲ್ಲಿ ಅವ್ವ ಅಕ್ಕಿ ಆರಿಸುತ್ತಿದ್ದಳು. ಮಗ ಒಳಗೆ ಬಂದೊಡನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ಸರಿದಳು. ಮಾವನ ಹೆಸರು ಹೇಳಬಾರದೆಂದು ಅವಳು ಮಗನನ್ನು ಅವನು ಹುಟ್ಟಿದಂದಿನಿಂದಲೂ 'ತಾತಾ' ಎಂದೇ ಕರೆಯುತ್ತಿದ್ದಳು. ಸೆರಗು ಎಳೆದುಕೊಳ್ಳುವುದೂ ಹಳೆಯ ಅಭ್ಯಾಸವೇ. ಇಷ್ಟು ವರ್ಷ ಚಿನ್ನಯ್ಯ ಅದನ್ನು ಗಮನಿಸಿಯೇ ಇರಲಿಲ್ಲ. ಇವತ್ತು ಗಮನಿಸಿದ. ತಾತ ತೀರಿಕೊಂಡದ್ದು ಯಾವ ತಾರೀಖು ಎಂದು ಅವ್ವನನ್ನು ಕೇಳಿದ.

"ಬಿಡ್ತು ಅನ್ರಿ," ಎಂದಳು ಅವ್ವ, ತಲೆ ಎತ್ತದೆ. "ನಿಮ್ಮ ಎದುರಿಗೇ ಆ ಮಾತು ಹೆಂಗೆ ಆಡಲಿ?"

ಅವಳು ಎಂದೂ ಅವನಿಗೆ 'ನಿಮ್ಮ' ಎಂದವಳಲ್ಲ. ಹೆಂಡತಿ ಜ್ಯೋತಿಲಕ್ಷ್ಮಿ ಟೀ ತಂದವಳು, ಅತ್ತೆಗೆ ವಯಸ್ಸಾಯಿತು ಎಂದು ಸಮಾಧಾನ ಹೇಳಿದಳು. ಬಳಿಕ ಗಂಡನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ನಿಮಗೂ ಒಮ್ಮೊಮ್ಮೆ ವಯಸ್ಸಾದ ಹಾಗೆ ಕಾಣುತ್ತದೆ ಎಂದು ಸೇರಿಸಿದಳು.

ಇನ್ನು ಉಳಿದದ್ದು ಒಂದೇ ದಾರಿ. ತನ್ನ ಇಪ್ಪತ್ತೆರಡು ವರ್ಷವನ್ನು ತಾತನ ಮೂವತ್ತೊಂಬತ್ತು ವರ್ಷದಿಂದ ಬಿಡಿಸಿ ತೆಗೆಯಬೇಕು. ಅರವತ್ತೊಂದು ಅಂಕ ಯಾರಿಗೆ ಬೇಕು? ತಾನು ತಾನೇ ಎಂಬುದಕ್ಕೆ ಒಂದು ಸಾಕ್ಷಿ ಸಿಕ್ಕರೆ ಸಾಕಾಗಿತ್ತು. ಮಾರನೆಯ ದಿನ ಸೊಸೈಟಿಯಲ್ಲಿ ೨೦೦೩ರ ಪುಸ್ತಕ ಬಿಚ್ಚಿ, ತಾತನ ಬರಹ ಎಲ್ಲಿ ನಿಂತು ತನ್ನದು ಎಲ್ಲಿ ಶುರುವಾಯಿತು ಎಂದು ಹುಡುಕಿದ. ಎಲ್ಲೂ ನಿಂತಿರಲಿಲ್ಲ. ತಾತನ ಸಾಲುಗಳ ಮೇಲೆ ಪೆನ್ಸಿಲ್ ಆಡಿಸಿಯೇ ಅವನು ಬರೆಯಲು ಕಲಿತದ್ದು. ಅಕ್ಷರ ಅದೇ, ಸೊನ್ನೆಗೆ ಕೊಡುವ ಬಾಲ ಅದೇ, ತಪ್ಪಿದ್ದ ಕಡೆ ಇಡುವ ಕೆಂಪು ಚುಕ್ಕೆಯೂ ಅದೇ. ಹೊಸೆದ ಹಾಸಿನ ಹಾಗೆ ಒಂದರೊಳಗೊಂದು ಸೇರಿಕೊಂಡಿತ್ತು. ತಾತ ಸತ್ತ ದಿನ ಎಂದು ಒಂದು ದಿನ ಖಾಲಿ ಇರಬೇಕಲ್ಲ? ಒಂದು ದಿನವೂ ಖಾಲಿ ಇರಲಿಲ್ಲ.

ಆಮೇಲೆ ಚಿನ್ನಯ್ಯ ಮಾಡಬಾರದ ಕೆಲಸ ಮಾಡಿದ. ತನ್ನ ಮದುವೆಯ ತಾರೀಖು ತೆಗೆದು ನೋಡಿದ. ಆ ದಿನ ತಾನು ಅನಂತಪುರದಲ್ಲಿ ಜ್ಯೋತಿಲಕ್ಷ್ಮಿಯ ಪಕ್ಕ ಬಾಸಿಂಗ ಕಟ್ಟಿಕೊಂಡು ಕೂತಿದ್ದ. ಹಾಜರಿ ಪುಸ್ತಕದ ಮೂರನೇ ಸಾಲಿನಲ್ಲಿ ಅವನ ಸಹಿ ಇತ್ತು. ಚಿಕೂನ್‌ಗುನ್ಯಾ ಬಂದು ಮಲಗಿದ್ದ ಒಂಬತ್ತು ದಿನವೂ ಇತ್ತು. ಹಿಂದಿನ ಕಾರ್ಯದರ್ಶಿ ದಯೆತೋರಿ ತಾನೇ ಹಾಕಿರಬೇಕು ಎಂದು ಚಿನ್ನಯ್ಯ ತನಗೆ ತಾನೇ ಎರಡು ಸಲ ಹೇಳಿಕೊಂಡ. ಮೂರನೇ ಸಲ ಹೇಳುವ ಬದಲು ಪುಸ್ತಕ ಮುಚ್ಚಿಟ್ಟ.

ಸಂದರ್ಶನದ ದಿನ ಬಂತು. ರಜೆ ಸಿಗಲಿಲ್ಲ. ಕುರ್ಚಿ ಹೋದರೆ ಹೋಗಲಿ, ಬಕೆಟ್ಟು ಹಿಡಿದು ಸಾಯಲಾರೆ ಎಂದು ಯಾರಿಗೂ ಹೇಳದೆ ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೊರಟುಬಿಟ್ಟ. ದಾರಿಯುದ್ದಕ್ಕೂ ಖಾಲಿ ಕುರ್ಚಿ ಅವನ ಕಣ್ಣಿಗೆ ಕಟ್ಟಿತ್ತು. ಹತ್ತು ಗಂಟೆಗೆ ನೇಕಾರರು ಬಂದು ಸಾಲು ನಿಲ್ಲುತ್ತಾರೆ. ಹತ್ತೂಕಾಲಿಗೆ ರಾಮಾಂಜನೇಯ ಬೇರೆಯವರಿಗೆ ಫೋನು ಮಾಡುತ್ತಾನೆ.

ಸಂದರ್ಶನ ಮಾಡುವವರು ಮೂವರು. ನಡುವೆ ಕೂತಿದ್ದವರು ಪ್ರೊಫೆಸರ್ ಶಬೀನಾ, ಚಳ್ಳಕೆರೆಯ ಲಾರಿ ಮೆಕ್ಯಾನಿಕ್ ಒಬ್ಬರ ಮಗಳು. ಬಿಚ್ಚಿ ಬಿಡಿಭಾಗ ನೋಡದೆ ಯಾವುದನ್ನೂ ನಂಬದ ಸ್ವಭಾವ ಅಪ್ಪನಿಂದ ಬಂದಿತ್ತು. ಅವರು ಪ್ರಮಾಣಪತ್ರ ಓದಿದರು, ಸಾಕ್ಷಿಗಳನ್ನು ಓದಿದರು, ಚಿನ್ನಯ್ಯನನ್ನು ನೋಡಿದರು, ಮತ್ತೆ ಪ್ರಮಾಣಪತ್ರ ಓದಿದರು. ಚಿನ್ನಯ್ಯನಿಗೆ ತಡೆಯಲಾಗಲಿಲ್ಲ.

"ಇದರಾಗೆ ಇಪ್ಪತ್ತೆರಡು ವರ್ಷ ನಂದು ಮೇಡಂ. ಉಳಿದದ್ದು ನಮ್ಮ ತಾತಂದು. ಗೊತ್ತಿದ್ದೂ ಸುಮ್ಮನಿದ್ದೆ. ಅಂಕಕ್ಕೆ ಆಸೆಪಟ್ಟೆ."

ಶಬೀನಾ ಕಾಗದವನ್ನು ಪಕ್ಕಕ್ಕಿಟ್ಟರು. "ಇಪ್ಪತ್ತೆರಡು ಆಗಲಿ ಅರವತ್ತೊಂದು ಆಗಲಿ, ಅನುಭವಕ್ಕೆ ಇಲ್ಲಿ ಒಂದು ಅಂಕವೂ ಇಲ್ಲ," ಎಂದರು.

ಚಿನ್ನಯ್ಯ ಕುರ್ಚಿಯಲ್ಲೇ ಕುಸಿದ. ಅವರು ನಿಧಾನವಾಗಿ ವಿವರಿಸಿದರು. ತುಂಬಾ ವರ್ಷ ಕೆಲಸ ಮಾಡಿದವರನ್ನು ತೆಗೆದುಕೊಳ್ಳಲು ತಮಗೆ ಭಯವೇ ಹೆಚ್ಚು, ಯಾಕೆಂದರೆ ಅವರು ಉತ್ತರಗಳ ಮೂಟೆ ಹೊತ್ತುಕೊಂಡು ಬರುತ್ತಾರೆ, ಸಂಶೋಧನೆಗೆ ಬೇಕಾದ್ದು ಪ್ರಶ್ನೆ. ಅನುಭವದಿಂದ ಒಂದೇ ಒಂದು ಪ್ರಯೋಜನ ಉಂಟು. ಕೆಲಸ ಮಾಡಿದವನ ಕಣ್ಣಿಗೆ ಮಾತ್ರ ಬೀಳುವ ಪ್ರಶ್ನೆಯೊಂದನ್ನು ಅದು ಹುಟ್ಟಿಸಿದರೆ ಆಯಿತು, ಇಲ್ಲದಿದ್ದರೆ ಅದು ಬರೀ ವಯಸ್ಸು.

"ಅಷ್ಟು ವರ್ಷ ಪುಸ್ತಕ ಬರೆದಿದ್ದೀರಿ. ನಿಮಗೆ ಅರ್ಥ ಆಗದೇ ಇರೋದು ಏನಾದ್ರೂ ಕಂಡೈತಾ?"

ಚಿನ್ನಯ್ಯ ಎರಡು ತಿಂಗಳು ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. ಅರ್ಥವಾಗದೇ ಇರುವುದು ಮಾತ್ರ ಹಾಗೇ ಇತ್ತು. ಅದನ್ನೇ ಹೇಳಿದ. ಒಬ್ಬ ಸತ್ತು ಇನ್ನೊಬ್ಬ ಬಂದರೂ ಪುಸ್ತಕದಲ್ಲಿ ಒಂದು ದಿನವೂ ತಪ್ಪಿಲ್ಲ. ಬರೆಯುವವನು ಎಲ್ಲಿ ಬದಲಾದ ಎಂದು ಬರೆದವನಾದ ತನಗೇ ಗೊತ್ತಾಗುತ್ತಿಲ್ಲ. ತಾನು ಇಲ್ಲದ ದಿನವೂ ಕೆಲಸ ನಡೆದಿದೆ. "ನಾವು ಪುಸ್ತಕ ಬರೀತೀವಾ, ಇಲ್ಲ ಪುಸ್ತಕ ತನ್ನ ಪಾಡಿಗೆ ತಾನು ಒಬ್ಬನ ಮೇಲೊಬ್ಬನ್ನ ಕೂಡಿಸ್ಕೊಂಡು ಹೋಗ್ತೈತಾ, ಅದು ನಂಗೆ ತಿಳೀಬೇಕು ಮೇಡಂ," ಎಂದ. ಶಬೀನಾ ಪೆನ್ನು ತೆಗೆದುಕೊಂಡು ಆ ಮಾತನ್ನು ಹಾಗೆಹಾಗೇ ಬರೆದುಕೊಂಡರು.

ಮಧ್ಯಾಹ್ನ ಮೂರಕ್ಕೆ ತೋಟಪ್ಪ ಪಟ್ಟಿ ಅಂಟಿಸಿದ. ಚಿನ್ನಯ್ಯನ ಹೆಸರು ಅದರಲ್ಲಿತ್ತು, ಅದೂ ಮೂರನೇ ಸಾಲಿನಲ್ಲಿ. ಒಂದೇ ಷರತ್ತು. ಮೊದಲ ಆರು ತಿಂಗಳು ದಿನಾ ಚಳ್ಳಕೆರೆಗೆ ಬಂದು ಪಾಠಕ್ಕೆ ಕೂರಬೇಕು, ಹಾಜರಿ ಕಡ್ಡಾಯ. ಚಿನ್ನಯ್ಯ ಸಂತೋಷಕ್ಕೆ ಅಳಬೇಕೋ, ಕೆಲಸ ಹೋದದ್ದಕ್ಕೆ ಅಳಬೇಕೋ ತಿಳಿಯದೆ ಎರಡಕ್ಕೂ ಸೇರಿಸಿ ಬಸ್‌ ನಿಲ್ದಾಣದಲ್ಲಿ ಒಂದೇ ಸಲ ಅತ್ತ.

ಅವನು ಸೊಸೈಟಿ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ರಾಮಾಂಜನೇಯ ಬಾಗಿಲಿಗೆ ಬೀಗ ಹಾಕಲು ನಿಂತಿದ್ದ. ಚಿನ್ನಯ್ಯ ಕೈ ಮುಗಿದು, ತಪ್ಪಾಯಿತು, ನಾಳೆಯಿಂದ ಬೇರೆಯವರನ್ನು ಕೂಡಿಸಿಕೊಳ್ಳಿ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ರಾಮಾಂಜನೇಯನೇ ಮಾತು ತೆಗೆದ.

"ಏನಾರ ಮರೆತು ಹೋದ್ರಾ ಚಿನ್ನಯ್ಯನೋರೆ? ಈಗ ತಾನೆ ಎದ್ದು ಹೋದ್ರಲ್ಲ."

ರಾಮಾಂಜನೇಯ, ಸಂದರ್ಶನ ಬಿಟ್ಟು ಕೆಲಸಕ್ಕೆ ಬಂದದ್ದು ನಿಮ್ಮ ದೊಡ್ಡತನ ಎಂದು ಹೊಗಳಿದ. ಬೆಳಿಗ್ಗೆಯಿಂದ ಒಂದು ಮಾತೂ ಆಡಲಿಲ್ಲ, ಬೇಜಾರಾಗಿರಬೇಕು ಎಂದು ನಾನೂ ಮಾತಾಡಿಸಲಿಲ್ಲ ಎಂದ. ಇವತ್ತು ಅರವತ್ತು ಮನೆಗೆ ರೇಷ್ಮೆ ತೂಗಿ ಕೊಟ್ಟಿರಿ, ಒಂದು ಗ್ರಾಂ ಹೆಚ್ಚುಕಡಿಮೆ ಇಲ್ಲ, ಅಷ್ಟು ಚೊಕ್ಕ ಕೆಲಸ ನಿಮ್ಮಿಂದ ಎರಡು ವರ್ಷದಲ್ಲಿ ಕಂಡಿರಲಿಲ್ಲ ಎಂದೂ ಹೇಳಿದ.

ಚಿನ್ನಯ್ಯ ಒಳಗೆ ಹೋದ. ಹಾಜರಿ ಪುಸ್ತಕದ ಮೂರನೇ ಸಾಲಿನಲ್ಲಿ ಇವತ್ತಿನ ಸಹಿ ಇತ್ತು. ರೇಷ್ಮೆ ಪುಸ್ತಕದಲ್ಲಿ ಇವತ್ತಿನ ಪುಟ ತುಂಬಿತ್ತು. ಅದಕ್ಕಿಂತ ಹೆಚ್ಚಾಗಿ, ಕಳೆದ ವಾರ ಚಿನ್ನಯ್ಯ ಕೂಡುವಾಗ ಮಾಡಿದ್ದ ಒಂದು ತಪ್ಪಿನ ಪಕ್ಕ ಕೆಂಪು ಚುಕ್ಕೆ ಇಟ್ಟು, ಸರಿಯಾದ ಅಂಕಿ ಬರೆದಿತ್ತು. ಕುರ್ಚಿಯ ಮೇಲೆ ಕೈಯಿಟ್ಟ. ಬೆಚ್ಚಗಿತ್ತು. ಮೇಜಿನ ಅಂಚಿನಲ್ಲಿ ಒಂದು ಚಿಟಿಕೆ ನಶ್ಯ ಚೆಲ್ಲಿತ್ತು.

ಅವನಿಗೆ ಹೆದರಿಕೆಯಾಯಿತು ಎಂದರೆ ಸುಳ್ಳಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಬಂತು, ಬಹಳ ವರ್ಷದ ಮೇಲೆ ಯಾರೋ ಹಿರಿಯರು ಹೆಗಲ ಮೇಲಿನ ಹೊರೆ ಇಳಿಸಿಕೊಂಡ ಹಾಗಿನ ಸಮಾಧಾನ. ಅನುಭವಕ್ಕೆ ಚಳ್ಳಕೆರೆಯಲ್ಲಿ ಒಂದು ಅಂಕ ಸಿಗದಿರಬಹುದು. ಮೊಳಕಾಲ್ಮೂರಿನಲ್ಲಿ ಅದು ಬಂದು ಕೂತು ಕೆಲಸ ಮಾಡುತ್ತದೆ. ಚಿನ್ನಯ್ಯ, ಸಿಕ್ಕರೆ ಸಿಗಲಿ ಎಂದು ಬಸ್ಸಿನಲ್ಲಿ ಬರೆದು ಜೇಬಿಗಿಟ್ಟುಕೊಂಡಿದ್ದ ಆರು ತಿಂಗಳ ರಜೆ ಅರ್ಜಿಯನ್ನು ಹರಿದು ಹಾಕಿ, ಕುರ್ಚಿಗೆ ಒಂದು ನಮಸ್ಕಾರ ಮಾಡಿ, ಎದುರಿನ ಅಂಗಡಿಗೆ ಹೋಗಿ ಒಂದು ಡಬ್ಬಿ ನಶ್ಯ ಕೇಳಿದ.

ಅಫ್ಜಲ್ ಡಬ್ಬಿ ತೆಗೆಯಲು ಕೈ ಎತ್ತಿದವನು ಹಾಗೇ ನಿಂತ. "ಬೆಳಿಗ್ಗೆನೇ ಒಂದು ಒಯ್ದ್ರಲ್ಲ ಚಿನ್ನಯ್ಯಣ್ಣ. ಅಷ್ಟು ಬೇಗ ಮುಗೀತಾ?"

"ಇಲ್ಲ ಅಫ್ಜಲ್," ಎಂದ ಚಿನ್ನಯ್ಯ. "ಒಂದು ಡಜನ್ ಕೊಡು. ಆರು ತಿಂಗಳ ಕೆಲಸ ಐತೆ."